ಬಸ್ಸಿಗೆ ಪಥ, ಕಾರಿಗೆ ವ್ಯಥೆ

ಕಳೆದ ವಾರ ಹುಬ್ಬಳ್ಳಿಯಿಂದ ಕಾರವಾರದ ನಮ್ಮ ಮನೆಗೆ ನನ್ನ ಸೋದರಳಿಯ ಬಂದಿದ್ದ. ಬಂದವನು ಮೀನೂಟ ಮಾಡಿ, ಸಂಜೆ ಟಾಗೋರ್ ಕಡಲತೀರದಲ್ಲಿ ನಾಲ್ಕು ಹೆಜ್ಜೆ ಹಾಕಿ, ಮರುದಿನ ಬಸ್ ಹತ್ತಿದ್ದರೆ ನಮ್ಮ ಸಂಬಂಧ ಚೆನ್ನಾಗಿಯೇ ಇರುತ್ತಿತ್ತು. ಆದರೆ ಹುಡುಗ ಸಿವಿಲ್ ಎಂಜಿನಿಯರ್. ಉಂಡ ಕೈ ಒಣಗುವ ಮೊದಲೇ ಊರು ಉದ್ಧಾರ ಮಾಡುವ ಚಟ. ಸೋಲ್ ಕಡಿಯ ಲೋಟ ಕೆಳಗಿಟ್ಟು, “ಮಾವ, ಬಿಣಗಾದಿಂದ ಸದಾಶಿವಗಡದವರೆಗೆ ಹೆದ್ದಾರಿಯಲ್ಲಿ ಆಚೆಗೊಂದು ಈಚೆಗೊಂದು ಪಥವನ್ನು ಬಸ್ಸಿಗೇ ಬಿಟ್ಟುಕೊಟ್ಟರೆ ಹೇಗೆ?” ಎಂದ.

ಬಂಗಡೆಯ ಮುಳ್ಳು ನನ್ನ ಗಂಟಲಲ್ಲಿ ಅಡ್ಡ ನಿಂತಿತು.

ಮೊದಲೇ ಹೇಳಿಬಿಡುತ್ತೇನೆ, ನಾನು ಕಾರಿನವನು. ನಿವೃತ್ತಿಯ ಹಣದಲ್ಲಿ ಕೊಂಡ ಬಿಳಿ ಕಾರು, ಕೆಎ-30ರ ಅಪ್ಪಟ ಕಾರವಾರದ್ದು, ಹಿಂದಿನ ಗಾಜಿನ ಮೇಲೆ ದೊಡ್ಡ ಕೆಂಪು ಗಣಪತಿ. ಕೋಡಿಬಾಗದ ನನ್ನ ಮನೆಯಿಂದ ಪತ್ರಿಕೆಯ ಅಂಗಡಿಗೆ ನಾನೂರು ಹೆಜ್ಜೆ. ದಿನಾ ನಡೆಯಬೇಕು ಎಂದು ವೈದ್ಯರು ಹೇಳಿದ್ದಾರೆ. ನಡೆಯುತ್ತೇನೆ, ಕಾರಿನಿಂದ ಅಂಗಡಿಯ ಕಟ್ಟೆಯವರೆಗೆ. ಕಾರು ನಿಲ್ಲಿಸುವುದು ಅಂಗಡಿಯ ಎದುರಿನ ಬಸ್ ಸ್ಟಾಪಿನಲ್ಲಿ. ಇಡೀ ರಸ್ತೆಯಲ್ಲಿ ಬೇರೆ ಯಾರೂ ವಾಹನ ನಿಲ್ಲಿಸದ ಜಾಗ ಅದೊಂದೇ ಆದದ್ದರಿಂದ ಅಲ್ಲಿ ಯಾವಾಗಲೂ ಖಾಲಿ ಸಿಗುತ್ತದೆ. ಪತ್ರಿಕೆ, ಎರಡು ಪ್ಲೇಟ್ ಗೋಳಿ ಬಜೆ, ಸ್ವಲ್ಪ ರಾಜಕೀಯ. ಒಟ್ಟು ಮುಕ್ಕಾಲು ಗಂಟೆಯ ಕೆಲಸ. ನಡುವೆ ಬಸ್ಸಿನವನು ಹಾರ್ನ್ ಹಾಕಿ ಮಾತು ಕೆಡಿಸುತ್ತಾನೆ ಎಂಬುದೊಂದೇ ತೊಂದರೆ.

ಅಳಿಯ ಪತ್ರಿಕೆಯ ಅಂಚಿನ ಬಿಳಿ ಜಾಗದಲ್ಲಿ ಲೆಕ್ಕ ಶುರು ಮಾಡಿದ. ಒಂದು ಬಸ್ಸಿನಲ್ಲಿ 50 ಜನ. ಅದೇ 50 ಜನ ಕಾರಿಗೊಬ್ಬರೋ ಇಬ್ಬರೋ ಎಂಬಂತೆ ಹೊರಟರೆ ಸುಮಾರು 35 ಕಾರು ಬೇಕು. ಮೂತಿಗೆ ಬಾಲ ತಾಗಿಸಿ ನಿಲ್ಲಿಸಿದರೂ ಆ ಸಾಲು ಸುಮಾರು 140 ಮೀಟರ್ ಆಗುತ್ತದೆ. ಬಸ್ಸಿನ ಉದ್ದ 12 ಮೀಟರ್. “ರಸ್ತೆ ಇರುವುದು ಜನರನ್ನು ಸಾಗಿಸುವುದಕ್ಕೋ, ಸೀಟುಗಳನ್ನು ಸಾಗಿಸುವುದಕ್ಕೋ? ನಿಮ್ಮ ಕಾರಿನಲ್ಲಿ ದಿನವೂ ನಾಲ್ಕು ಖಾಲಿ ಸೀಟುಗಳು ಪತ್ರಿಕೆ ತರಲು ಹೋಗಿ ಬರುತ್ತವೆ” ಎಂದ. ಅಡುಗೆಮನೆಯಿಂದ ನನ್ನ ಹೆಂಡತಿ, “ಅರ್ಧ ಕಿಲೋ ಬಂಗಡೆ ತರಲು ಸಾವಿರ ಕಿಲೋ ಕಬ್ಬಿಣ ಕೊಂಡೊಯ್ಯುವವರು ಇವರು” ಎಂದು ಒಗ್ಗರಣೆ ಹಾಕಿದಳು. ತವರಿನ ಕಡೆಯವರು ಬಂದಾಗ ತೋರಿಸದ ಉತ್ಸಾಹ ಅದು.

ಹುಡುಗ ಅಷ್ಟಕ್ಕೆ ನಿಲ್ಲಲಿಲ್ಲ. ಗಂಟೆಗೊಂದು ಸುತ್ತು ಹೊಡೆಯುವ ಬಸ್ಸಿಗೆ ದಟ್ಟಣೆ ತಪ್ಪಿ ಸುತ್ತಿಗೆ 10 ನಿಮಿಷ ಉಳಿದರೆ, 12 ಗಂಟೆಗಳಲ್ಲಿ ಅದೇ ಬಸ್ಸು, ಅದೇ ಚಾಲಕನ ಸಂಬಳದಲ್ಲಿ, ಎರಡು ಸುತ್ತು ಹೆಚ್ಚು ಹೊಡೆಯುತ್ತದಂತೆ. ಹೊಸ ಬಸ್ ಕೊಳ್ಳದೆಯೇ ಬಸ್ ಹೆಚ್ಚಾದಂತೆ! ಇಂಥ ಅಗ್ಗದ ಉಪಾಯಗಳಿಂದಲೇ ದೇಶ ಹಾಳಾಗುವುದು. ಟೆಂಡರ್ ಇಲ್ಲ, ಕಾಂಕ್ರೀಟ್ ಇಲ್ಲ, ಗುದ್ದಲಿ ಪೂಜೆ ಇಲ್ಲ, ಒಂದು ಡಬ್ಬಿ ಬಣ್ಣ ಬಳಿದು ಅಭಿವೃದ್ಧಿ ಎಂದರೆ ಯಾರು ನಂಬುತ್ತಾರೆ?

ಅಂದು ಸಂಜೆ ನಮ್ಮ ಬಡಾವಣೆಯ ಗಣ್ಯರ ಮುಂದೆ ವಿಷಯ ಇಟ್ಟೆ. ಗಣ್ಯರೆಂದರೆ ಮನೆಗೆ ಎರಡೆರಡು ಕಾರಿರುವವರು. ಸಭೆಗೆ ಎಲ್ಲರೂ ಕಾರಿನಲ್ಲೇ ಬಂದದ್ದರಿಂದ ನಿಲ್ಲಿಸಲು ಜಾಗ ಸಿಗದೆ ಅರ್ಧ ಗಂಟೆ ತಡವಾಗಿ ಶುರುವಾಯಿತು. ಜಾಗದ ಅಭಾವದ ಬಗ್ಗೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕೇ?

ಒಬ್ಬರು ತಾತ್ವಿಕರು. ಇಂದು ಬಸ್ಸಿಗೆ ಪಥ ಕೊಟ್ಟರೆ ನಾಳೆ ಸೈಕಲ್ಲಿನವನು ಕೇಳುತ್ತಾನೆ, ನಾಡಿದ್ದು ನಡೆಯುವವನೂ ಕೇಳುತ್ತಾನೆ ಎಂದು ಎಚ್ಚರಿಸಿದರು. ನಡೆಯುವವರೂ ಕೇಳಬಹುದೆಂಬ ಯೋಚನೆಗೇ ಸಭೆ ಬೆಚ್ಚಿತು. ಇನ್ನೊಬ್ಬರು ಉದಾರಿಗಳು. ಬಸ್ ಪಥ ಆಗಲಿ, ಬೇಡವೆನ್ನುವುದಿಲ್ಲ, ಅದರಲ್ಲಿ ಕಾರು ಬಿಡಲು ಮಾತ್ರ ಅನುಮತಿ ಇರಲಿ ಎಂದರು. ಮೂರನೆಯವರು ಮಾತ್ರ ನಿಜವಾದ ಬಾಣ ಬಿಟ್ಟರು: “ಎರಡು ನಿಮಿಷಕ್ಕೊಂದು ಬಸ್ ಬರುತ್ತದೆ ಎಂದೇ ಇಟ್ಟುಕೊಳ್ಳಿ. ನಡುವಿನ ಎರಡು ನಿಮಿಷ ಆ ಪಥ ಖಾಲಿ ಬಿದ್ದಿರುತ್ತದಲ್ಲ? ಸಾರ್ವಜನಿಕ ಆಸ್ತಿ ಹೀಗೆ ಬಿಸಿಲಿಗೆ ಒಣಗಬಹುದೇ?”

ಈ ಬಾಣಕ್ಕೆ ಮದ್ದಿಲ್ಲ. ಎರಡು ನಿಮಿಷಕ್ಕೊಂದು ಬಸ್ ಎಂದರೆ ಗಂಟೆಗೆ 30 ಬಸ್, 1500 ಜನ, ಅದೂ ಎಲ್ಲರೂ ಕೂತೇ. ಪಕ್ಕದ ಪಥದಲ್ಲಿ ಕಾರುಗಳು ಇರುವೆ ಸಾಲಿನಂತೆ ಕಿಕ್ಕಿರಿದು ನಿಂತಿದ್ದರೂ ಅಷ್ಟು ಜನ ದಾಟುವುದು ಕಷ್ಟ. ಆದರೆ ಕಣ್ಣಿಗೆ ಕಾಣುವುದೇನು? ಜನ ಸಾಗಿಸಿದ ಪಥ ಖಾಲಿ, ಜನರನ್ನು ನಿಲ್ಲಿಸಿದ ಪಥ ಭರ್ತಿ. ನಮಗೆ ಭರ್ತಿಯಾದದ್ದೇ ಇಷ್ಟ. ಕೆಲಸ ಮುಗಿಸಿ ಮೇಜು ಖಾಲಿ ಇಟ್ಟುಕೊಂಡ ಗುಮಾಸ್ತನನ್ನು ಸೋಮಾರಿ ಎನ್ನುತ್ತೇವೆ, ಕಡತಗಳ ಗುಡ್ಡದ ಹಿಂದೆ ಮಲಗಿದವನಿಗೆ ಬಡ್ತಿ ಕೊಡುತ್ತೇವೆ. ಮೂವತ್ತು ವರ್ಷ ಕಚೇರಿಯಲ್ಲಿ ಕೂತು ಬಂದವನ ಮಾತಿದು, ನಂಬಬಹುದು.

ಹುಬ್ಬಳ್ಳಿ-ಧಾರವಾಡದ ನಡುವೆ ತನ್ನದೇ ಪಥದಲ್ಲಿ ಓಡುವ ಚಿಗರಿ ಬಸ್ಸನ್ನು ಹತ್ತದೆಯೇ ನಾನು ಬಸ್ ಪಥವನ್ನು ಬೈಯುತ್ತಿದ್ದೇನೆಂದು ತಿಳಿಯಬೇಡಿ. ಒಂದು ಜಮೀನಿನ ತಕರಾರಿಗಾಗಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ಅಲೆಯುತ್ತಿದ್ದಾಗ ಹುಬ್ಬಳ್ಳಿಯಿಂದ ಅದರಲ್ಲೇ ಹೋಗಿದ್ದೆ. 22 ಕಿಲೋಮೀಟರಿನ ಆ ವ್ಯವಸ್ಥೆಯಲ್ಲಿ ಬಸ್ಸುಗಳು 2018ರ ಅಕ್ಟೋಬರಿನಲ್ಲೇ ಓಡತೊಡಗಿದವು. ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಉದ್ಘಾಟಿಸಿದ್ದು 2020ರ ಫೆಬ್ರವರಿಯಲ್ಲಿ. ಮಗು ಅಂಗಳದಲ್ಲಿ ಓಡಾಡತೊಡಗಿದ ಮೇಲೆ ತೊಟ್ಟಿಲಿಗೆ ಹಾಕಿದಂತೆ. ರಸ್ತೆಯ ನಡುಮಧ್ಯೆ ನಿಲ್ದಾಣ. ಟಿಕೆಟ್ ಬಸ್ಸಿನ ಹೊರಗೇ ತೆಗೆದುಕೊಳ್ಳಬೇಕು. ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಎತ್ತರ, ನನ್ನ ಮಂಡಿ ಒಂದು ಸಲವೂ ಕಿರುಗುಡಲಿಲ್ಲ. ಒಂದು ಕಡೆ ಸಿಗ್ನಲ್ಲಿನ ಹತ್ತಿರ ಪಕ್ಕದಲ್ಲಿ ಕಾರುಗಳ ಸಾಲು ನಿಂತಿತ್ತು. ಅದರಲ್ಲೊಬ್ಬರು, ನನ್ನ ಹಾಗೆಯೇ ಬೋಳುತಲೆಯವರು, ಸ್ಟಿಯರಿಂಗಿಗೆ ಗಲ್ಲ ಊರಿ ಕೂತಿದ್ದರು. ಅವರನ್ನು ದಾಟಿ ಹೋಗುವಾಗ ನನಗೊಂದು ದುಷ್ಟ ಸಂತೋಷವಾಯಿತು. ಆ ಪಾಪಪ್ರಜ್ಞೆ ಇನ್ನೂ ಇದೆ. ಸ್ವಜನದ್ರೋಹ ಎಂದರೆ ಅದೇ.

ಅಲ್ಲಿಗೆ ಹೊಂದುವುದು ಇಲ್ಲಿಗೆ ಹೊಂದುವುದಿಲ್ಲ ಎಂದೆ. ಅಳಿಯ, “ಲಂಡನ್ನಿನಲ್ಲಿ 1968ರಲ್ಲೇ ವಾಕ್ಸ್‌ಹಾಲ್ ಸೇತುವೆಯ ಮೇಲೆ ಬಸ್ ಪಥ ಮಾಡಿದ್ದರು, ಬ್ರೆಜಿಲ್ಲಿನ ಕುರಿಟಿಬಾದಲ್ಲಿ 1974ರಲ್ಲಿ” ಎಂದು ಭೂಗೋಳ ಶುರು ಮಾಡಿದ. ಲಂಡನ್ನಿನ ಮಾತು ನನಗೆ ಹೇಳುತ್ತಾನೆ! ಕಾರವಾರದಲ್ಲೇ ಒಂದು ಲಂಡನ್ ಬ್ರಿಡ್ಜ್ ಇದೆ, ಹೆದ್ದಾರಿಯ ಮೇಲೇ ಇದೆ. ಹೆಸರು ತಂದದ್ದಾಯಿತು, ಬಸ್ ಪಥವನ್ನೂ ತರಬೇಕೆಂದು ಯಾವ ಕಾನೂನಿದೆ?

ನನ್ನ ಆದರ್ಶ ದೆಹಲಿ. ಅಲ್ಲಿ 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ, ಆರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ, ಬಸ್ಸಿಗೆ ಪ್ರತ್ಯೇಕ ಪಥ ಮಾಡಿದರು. ಕಾರಿನವರು ಕೂಗಿದ ಕೂಗು ಮುಗಿಲು ಮುಟ್ಟಿತು. ವಿಷಯ ಹೈಕೋರ್ಟಿಗೂ ಹೋಯಿತು. 2012ರಲ್ಲಿ ನ್ಯಾಯಾಲಯ ಬಸ್ ಪಥದ ಪರವಾಗಿಯೇ ನಿಂತು ಅರ್ಜಿಯನ್ನು ತಳ್ಳಿಹಾಕಿತು. ಕಾರಿನವರು ಧೃತಿಗೆಡಲಿಲ್ಲ, 2016ರಲ್ಲಿ ಅದನ್ನು ಕಿತ್ತು ಹಾಕಿಸಿಯೇ ಬಿಟ್ಟರು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2019ರಲ್ಲಿ ಸಿಲ್ಕ್ ಬೋರ್ಡಿನ ಕಡೆಯಿಂದ ಬಸ್ಸಿಗೆಂದು ಕಂಬ ನೆಟ್ಟು ಪಥ ಬಿಟ್ಟರು. ಅಲ್ಲಿ ಕೂಗುವ ಶ್ರಮವೂ ಬೇಕಾಗಲಿಲ್ಲ, ಮೆಟ್ರೊ ಕಾಮಗಾರಿ ಬಂದು ಅದನ್ನು ನುಂಗಿತು. ಬಸ್ಸಿನ ಜಾಗ ಯಾರದೋ ಕೆಲಸಕ್ಕೆ ಬೇಕಾಗಿಯೇ ಬೇಕಾಗುತ್ತದೆ. ತಾಳ್ಮೆ ಇದ್ದರೆ ಸಾಕು.

ಬಸ್ ಪಥದ ಬದಲು ರಸ್ತೆಯನ್ನೇ ಇನ್ನಷ್ಟು ಅಗಲ ಮಾಡಲಿ ಎಂಬುದು ಸಭೆಯ ಸರ್ವಾನುಮತದ ನಿರ್ಣಯ. ಅಮೆರಿಕದ ಹೂಸ್ಟನ್ನಿನಲ್ಲಿ ಕೇಟಿ ಹೆದ್ದಾರಿಯನ್ನು ಹಿಗ್ಗಿಸುತ್ತ ಹಿಗ್ಗಿಸುತ್ತ ಬದಿಯ ರಸ್ತೆಗಳೂ ಸೇರಿ ಕೆಲವೆಡೆ 26 ಪಥ ಮಾಡಿದ್ದಾರೆ. ಅಗಲ ಹೆಚ್ಚಿದಷ್ಟೂ ಕಾರು ಹೆಚ್ಚಿತು, ಕೆಲವೇ ವರ್ಷಗಳಲ್ಲಿ ದಟ್ಟಣೆ ಮರಳಿ ಬಂತು ಎಂದು ಅಳಿಯ ಹೇಳಿದ. ಇದರಿಂದ ಸಾಬೀತಾಗುವುದೇನು? 26 ಸಾಲಲಿಲ್ಲ ಎಂದು. 27 ಮಾಡಿ ನೋಡಬೇಕಿತ್ತು.

ಆದರೆ ನಮ್ಮಲ್ಲಿ ಅಗಲ ಮಾಡುವುದು ಎತ್ತ? ಪಡುವಣಕ್ಕೆ ಸಮುದ್ರ, ಮೂಡಣಕ್ಕೆ ಗುಡ್ಡ. ಸಮುದ್ರಕ್ಕೆ ಮಣ್ಣು ತುಂಬಬಹುದು, ಗುಡ್ಡವನ್ನು ಇನ್ನಷ್ಟು ಕಡಿಯಬಹುದು ಎಂದು ಗಣ್ಯರೊಬ್ಬರು ಕೈಯಲ್ಲೇ ಕಡಿದು ತೋರಿಸಿದರು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಕುಸಿದು ಬಿದ್ದದ್ದೂ ಒಂದು ಗುಡ್ಡವೇ. ಆ ಮಾತು ಬಂದಾಗ ಕೆಲ ಹೊತ್ತು ಯಾರೂ ಮಾತಾಡಲಿಲ್ಲ, ನಾನೂ ವಿಡಂಬನೆ ಮರೆತೆ. ಆಮೇಲೆ ಬಜೆ ಬಂತು.

ಸೇತುವೆಯ ವಿಷಯದಲ್ಲಿ ಮಾತ್ರ ಅಳಿಯ ನನ್ನನ್ನು ಕಟ್ಟಿಹಾಕಿದ. ಕಾಳಿ ನದಿಯ ಹಳೆಯ ಸೇತುವೆ ಅದೇ ವರ್ಷ ಆಗಸ್ಟ್ 7ರಂದು ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಮೇಲಿದ್ದ ಲಾರಿಯ ಸಮೇತ, ನೀರಿಗೆ ಕುಸಿಯಿತು. ಪುಣ್ಯಕ್ಕೆ ಚಾಲಕ ಬದುಕಿದ. ಆಗ ಹೋಗುವವರು ಬರುವವರು ಎಲ್ಲರಿಗೂ ಹೊಸ ಸೇತುವೆಯೊಂದೇ ಗತಿಯಾಯಿತು. “ಅಲ್ಲಿ ಬಸ್ಸಿಗೆ ಪಥ ಎಲ್ಲಿಂದ ತರುತ್ತೀಯಪ್ಪ?” ಎಂದು ಗೆದ್ದ ಧ್ವನಿಯಲ್ಲಿ ಕೇಳಿದೆ.

“ಸೇತುವೆಯ ಮೇಲೆ ಬೇಡ ಮಾವ. ಸೇತುವೆಗೆ ಮೊದಲು, ಸಾಲು ಕಟ್ಟುವ ಜಾಗದಲ್ಲಿ ನೂರಿನ್ನೂರು ಮೀಟರ್ ಸಾಕು. ಬಸ್ಸು ಸಾಲಿನ ಬದಿಯಿಂದ ಬಂದು ಮೊದಲು ಹತ್ತಲಿ, ಹಿಂದೆ ನೀವು ಹತ್ತಿ. ಇಡೀ ಊರಿಗೆ ಪಥ ಬಳಿಯಬೇಕಾಗಿಲ್ಲ, ಗಂಟು ಬಿದ್ದಲ್ಲಿ ಬಿಡಿಸಿದರಾಯಿತು.”

ಬಸ್ಸಿನ ಹಿಂದೆ ನಾನು! ಭಾನುವಾರದ ಸಂತೆಯ ದಿನ, ಗೋವೆಯಿಂದ ಬಂದ ಕಾರುಗಳೂ ಗೋವೆಗೆ ಹೊರಟ ಕಾರುಗಳೂ ಒಂದನ್ನೊಂದು ನೋಡುತ್ತ ನಿಂತಾಗ, ಮಾಜಾಳಿಯ ಕೆಂಪು ಬಸ್ಸೊಂದು ನನ್ನ ಬದಿಯಿಂದ ಜಾರಿಹೋಗಬೇಕು, ಕಿಟಕಿಯಲ್ಲಿ ಕೂತವರು ನನ್ನ ಬೋಳುತಲೆಯನ್ನು ಮೇಲಿನಿಂದ ನೋಡಬೇಕು. 2023ರ ಜೂನ್ 11ರಿಂದ ಹೆಂಗಸರಿಗೆ ಟಿಕೆಟ್ಟಿನ ದುಡ್ಡೂ ಇಲ್ಲ. ಪೈಸೆ ಕೊಡದವರು ಮುಂದೆ, ರಸ್ತೆ ತೆರಿಗೆ, ವಿಮೆ, ಪೆಟ್ರೋಲು, ಹಟ್ಟಿಕೇರಿಯ ಟೋಲು ಎಲ್ಲ ಕಟ್ಟಿದವನು ಹಿಂದೆ! ಇದಕ್ಕೆಂದೇ ಒಂದು ಮನವಿಪತ್ರ ಬರೆದೆ. “ಬಸ್ಸಿಗೆ ಪಥ ಕೊಡುವುದಾದರೆ ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಐದರವರೆಗೆ ಮಾತ್ರ ಕೊಡತಕ್ಕದ್ದು” ಎಂಬ ಮಧ್ಯಮ ಮಾರ್ಗವನ್ನೂ ಅದರಲ್ಲಿ ಸೂಚಿಸಿದ್ದೇನೆ. ಹಟಮಾರಿ ಎಂದು ನನ್ನನ್ನು ಯಾರೂ ಕರೆಯಬಾರದಲ್ಲ.

ಅಳಿಯ ಮರುದಿನ ಬೆಳಿಗ್ಗೆ ಹೊರಟ. ಬಸ್ ನಿಲ್ದಾಣಕ್ಕೆ ಕಾರಿನಲ್ಲಿ ಬಿಡುತ್ತೇನೆಂದರೂ ಒಪ್ಪದೆ ಚೀಲ ಹೆಗಲಿಗೇರಿಸಿ ನಡೆದುಬಿಟ್ಟ. ಹುಡುಗರಿಗೆ ಹಿರಿಯರ ಮಾತು ಎಲ್ಲಿ ಹಿಡಿಸುತ್ತದೆ. ನಾನು ಕಾರು ತೆಗೆದು ಪತ್ರಿಕೆ ತಂದೆ. ಬಸ್ ಪಥದ ಅಪಾಯಗಳನ್ನು ಅಂಗಡಿಯ ಕಟ್ಟೆಯವರಿಗೂ ವಿವರಿಸಬೇಕಾಗಿ ಬಂದದ್ದರಿಂದ ಆ ದಿನ ಮುಕ್ಕಾಲು ಗಂಟೆ ಹೋಗಿ ಒಂದೂಕಾಲು ಗಂಟೆಯಾಯಿತು.

ಎಂಟೂವರೆಗೆ ಬರುವ ಮೀನು ಮಾರುವ ಹೆಂಗಸು ಅಂದು ಬಂದದ್ದು ಹತ್ತಕ್ಕೆ. ಬೈತಖೋಲದ ಬಂದರಿನಲ್ಲಿ ಮೀನು ಕೊಂಡು, ಬಸ್ ನಿಲ್ದಾಣಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ನಮ್ಮ ಕಡೆ ಬರುವವಳು. ಬುಟ್ಟಿ ಇಳಿಸಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಾನು ಒಂದು ಬಂಗಡೆ ಎತ್ತಿ ಕಿವಿರು ಬಿಡಿಸಿ ನೋಡಿದೆ. ಕೆಂಪು ಹೋಗಿ ಕಂದಾಗಿತ್ತು.

“ಇದೇನು ಇಷ್ಟು ಹೊತ್ತು?” ಎಂದೆ.

“ಏನು ಹೇಳಲಿ ಅಣ್ಣಾ, ಮೊದಲ ಬಸ್ಸು ತುಂಬಿ ಹೋಗಿತ್ತು. ಎರಡನೆಯದು ಸಿಕ್ಕಿತು ಎಂದರೆ ನಮ್ಮ ಸ್ಟಾಪಿನಲ್ಲಿ ಒಂದು ಕಾರು ನಿಂತಿತ್ತು. ಡ್ರೈವರ್ ಹಾರ್ನ್ ಹಾಕಿ ಹಾಕಿ ಸುಸ್ತಾದ. ಹಿಂದೆ ಲಾರಿಗಳು ಕೂಗಲು ಶುರು ಮಾಡಿದವು. ಕೊನೆಗೆ ಸೇತುವೆಯ ಆಚೆ ಸದಾಶಿವಗಡದಲ್ಲೇ ಇಳಿಸಿದ. ಬುಟ್ಟಿ ಹೊತ್ತುಕೊಂಡು ಸೇತುವೆ ದಾಟಿ ನಡೆದು ಬಂದೆ.”

“ಎಂಥ ಜನ ಇರುತ್ತಾರೆ! ಕಾರಿನ ನಂಬರ್ ನೋಡಿಕೊಳ್ಳಬಾರದಿತ್ತೇ?”

“ನನಗೆ ಓದಲು ಎಲ್ಲಿ ಬರುತ್ತದೆ ಅಣ್ಣಾ. ಹಿಂದಿನ ಗಾಜಿನ ಮೇಲೆ ಗಣಪತಿ ಇದ್ದ, ಕೆಂಪು ಗಣಪತಿ. ಕಿಟಕಿಯಿಂದಲೇ ಕೈ ಮುಗಿದೆ” ಎಂದು ಅವಳು ನೀರು ಕೇಳಿದಳು.

ಹೆಂಡತಿ ಚೊಂಬು ತಂದುಕೊಟ್ಟು, ಅಂಗಳದ ಕಡೆ ಒಮ್ಮೆ ನೋಡಿ, ಒಳಗೆ ಹೋದಳು. ನಾನು ಬಂಗಡೆ ಮೆತ್ತಗಾಗಿದೆ ಎಂದು ಇಪ್ಪತ್ತು ರೂಪಾಯಿ ಕಡಿಮೆ ಮಾಡಿಸಿದೆ.