ನೀರು ಬರೋ ದಾರಿಗೆ ಬಡಿದಾಡ್ತೀವಿ, ಹೋಗೋ ದಾರಿ ಮುಚ್ತೀವಿ

ನಿನ್ನೆ ಊರಿಗೆ ಹೋಗಿದ್ದೆ. ನಮ್ಮ ಹೊಲದ ಕೆಳಗಿನ ಬಸಿಗಾಲುವೆ ಹತ್ರ ಜೆಸಿಬಿ ನಿಂತಿತ್ತು. ಕೊನೆಗೂ ಹೂಳು ತೆಗೀತಿದ್ದಾರಲ್ಲ ಅಂತ ಖುಷಿಯಿಂದ ಓಡಿದೆ. ನೋಡಿದ್ರೆ ಮುಚ್ತಿದ್ದಾರೆ! ಜೊಂಡು ಬೆಳೆದ ಕಾಲುವೆಗೆ ಎರೆಮಣ್ಣು ಸುರಿದು, ಮೇಲೆ ಗಾಡಿ ಹತ್ತಿಸಿ ಗಟ್ಟಿ ಮಾಡ್ತಿದ್ದಾರೆ. "ಇನ್ನೊಂದು ನಾಕು ಗುಂಟೆ ಗದ್ದಿ ಆಗ್ತೈತಿ ತಮ್ಮಾ, ಸುಮ್ನ ಬಿದ್ದಿತ್ತು" ಅಂದ್ರು ಪಕ್ಕದ ಹೊಲದ ಕಾಕಾ. ಸುಮ್ನೆ ಬಿದ್ದಿರಲಿಲ್ಲ ಕಾಕಾ. ಮೇಲಿನ ಅಷ್ಟೂ ಗದ್ದೆಗಳ ನೀರನ್ನ ಹಳ್ಳಕ್ಕೆ ಮುಟ್ಟಿಸ್ತಿತ್ತು. ರಾತ್ರಿ ನಿದ್ದೆ ಬರಲಿಲ್ಲ, ಅದಕ್ಕೇ ಬರೀತಿದ್ದೀನಿ.

ನಮ್ಮದು ಕೊಪ್ಪಳ ಜಿಲ್ಲೆಯ ಕಾರಟಗಿ ಕಡೆ, ತುಂಗಭದ್ರಾ ಎಡದಂಡೆ ನಾಲೆ ಕೆಳಗಿನ ಹೊಲ. 1953ರಲ್ಲಿ ಡ್ಯಾಮಿನ ನೀರು ಬಿಟ್ಟಾಗ ಇಲ್ಲಿ ಹೆಚ್ಚಿನ ಹೊಲಕ್ಕೆ ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆ ಅಂತ ಲೆಕ್ಕ ಹಾಕಿದ್ರು. ನಾವು ಎರಡೂ ಬೆಳೆ ನೆಲ್ಲು ಹಚ್ಚಿದ್ವಿ. ಎರೆಮಣ್ಣು ನೀರು ಕುಡಿದ್ರೆ ಉಬ್ಬಿ ಮುಚ್ಕೊಳ್ಳುತ್ತೆ, ಬೇಗ ಬಸಿಯಲ್ಲ. ವರ್ಷಗಟ್ಟಲೆ ನಿಂತ ನೀರು ಒಳಗಿಂದ ಮೇಲೇರುತ್ತೆ, ಜೊತೆಗೆ ಮಣ್ಣಿನ ಉಪ್ಪನ್ನೂ ತರುತ್ತೆ. ಬಿಸಿಲಿಗೆ ನೀರು ಆರಿಹೋಗುತ್ತೆ, ಉಪ್ಪು ಉಳಿಯುತ್ತೆ. ಅದೇ ಸವಳು-ಜವಳು.

ನೋಡದವರಿಗೆ ಹೇಳ್ತೀನಿ. ನಮ್ಮ ಕೆಳಗಿನ ಮೂಲೆಯಲ್ಲಿ ಹಿಮ್ಮಡಿ ಊರಿದ್ರೆ ಆ ಗುಳಿಯಲ್ಲಿ ನೀರು ಜಿನುಗುತ್ತೆ. ಬೇಸಿಗೆಯಲ್ಲಿ ಅದೇ ಜಾಗ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗಾಗುತ್ತೆ. ಬೆರಳಿಗೆ ಹಚ್ಚಿ ನಾಲಗೆಗೆ ಇಟ್ಟೆ. ಉಪ್ಪು, ಹಿಂದೆಯೇ ಕಹಿ. ಅಜ್ಜ ಬಿಳಿಜೋಳ ಬೆಳೀತಿದ್ದ ಮೂಲೆ ಅದು. ಈಗ ಅಲ್ಲಿ ಹುಲ್ಲೂ ತೇಪೆ ತೇಪೆಯಾಗಿ ಬರುತ್ತೆ.

ಅದನ್ನ ಹಾಳು ಮಾಡಿದ್ದು ಕಾಕಾ ಅಲ್ಲ, ನಾವೇ. ಹದಿನೆಂಟು ವರ್ಷದ ಹಿಂದೆ ಅಪ್ಪಾಜಿ ನಮ್ಮ ಕಡೆಯ ಬಸಿಗಾಲುವೆಯ ಅರ್ಧ ಅಗಲ ಗದ್ದೆಗೆ ಸೇರಿಸಿದಾಗ ಟ್ರ್ಯಾಕ್ಟರ್ ಓಡಿಸಿದ್ದು ನಾನು. ಮೊದಲ ಎರಡು ವರ್ಷ ಒಂದಿಷ್ಟು ಚೀಲ ಹೆಚ್ಚು ಬಂದಾಗ ಹೆಮ್ಮೆಪಟ್ಟಿದ್ದೂ ನಾನೇ. ಆಮೇಲೆ ಆ ಮೂಲೆ ಮಲಗಿತು, ಇವತ್ತಿಗೂ ಎದ್ದಿಲ್ಲ.

"ಜೌಗು ಅಂದ್ರೆ ಹಕ್ಕಿಗಳ ಮನೆ, ಬಸಿದು ಒಣಗಿಸಬಾರದು" ಅಂತ ಬೆಂಗಳೂರಿನ ಗೆಳೆಯರು ಕಾಮೆಂಟ್ ಹಾಕ್ತಾರೆ. ಅಘನಾಶಿನಿ ಅಳಿವೆಗೆ, ಕತ್ತಲೆಕಾನಿನ ರಾಂಪತ್ರೆ ಜಡ್ಡಿಗೆ (ಕಾಡೊಳಗಿನ ಹುಟ್ಟು ಜೌಗಿಗೆ) ಆ ಮಾತು ನೂರಕ್ಕೆ ನೂರು ಸರಿ, ಅವನ್ನ ಮುಟ್ಟಲೇಬಾರದು. ಆದ್ರೆ ನಮ್ಮದು ಹುಟ್ಟು ಜೌಗಲ್ಲ. ಜೋಳದ ಒಣಭೂಮಿಯನ್ನ ನಾವು ಕಾಲುವೆ ನೀರಲ್ಲಿ ಮುಳುಗಿಸಿ ಕೆಡಿಸಿದ್ದು. ಇದನ್ನ ಬಸಿಯೋದು ಪ್ರಕೃತಿಗೆ ದ್ರೋಹ ಅಲ್ಲ. ಇನ್ನು "ನೆಲ್ಲು ನೀರಲ್ಲೇ ಬೆಳೆಯುತ್ತಲ್ಲ" ಅನ್ನೋರಿಗೆ: ನೆಲ್ಲು ನೀರು ತಡೆಯುತ್ತೆ, ಉಪ್ಪು ತಡೆಯಲ್ಲ. ಸಸಿ ಇದ್ದಾಗ, ಹೂವಾಡುವಾಗ ಉಪ್ಪು ತಗುಲಿದ್ರೆ ತೆನೆ ಜೊಳ್ಳು.

ದಾರಿ ಇಲ್ಲವಾ? ಇದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಎಷ್ಟೋ ವರ್ಷದಿಂದ ಇದರ ಮೇಲೆ ಕೆಲಸ ಮಾಡಿದ್ದಾರೆ. ಮೂರು-ನಾಲ್ಕು ಅಡಿ ಆಳದಲ್ಲಿ ಸಣ್ಣ ತೂತುಗಳ ಪಿವಿಸಿ ಪೈಪ್, ಮಣ್ಣು ನುಗ್ಗದಂತೆ ಅದಕ್ಕೆ ಬಟ್ಟೆಯಂಥ ಹೊದಿಕೆ, ಎಲ್ಲ ಸಾಲೂ ಒಂದು ದೊಡ್ಡ ಪೈಪಿಗೆ ಸೇರಿ ಹೊರಕ್ಕೆ. ಮೇಲೆ ನೀರು ನಿಲ್ಲಿಸಿದ್ರೆ ಉಪ್ಪು ಕರಗಿ ಕೆಳಗಿಳಿದು ಪೈಪಲ್ಲಿ ಹೋಗುತ್ತೆ. ಕ್ಷಾರ ಆಗಿದ್ರೆ ಮೊದಲು ಜಿಪ್ಸಂ ಹಾಕಬೇಕು. ಆದ್ರೆ ಆ ದೊಡ್ಡ ಪೈಪಿನ ಬಾಯಿ ಎಲ್ಲಿ ಬಿಡಬೇಕು ಹೇಳಿ? ಬಸಿಗಾಲುವೆಗೇ! ನಿನ್ನೆ ಜೆಸಿಬಿ ಮುಚ್ಚಿದ್ದು ಅದನ್ನೇ.

ಹಾಲೆಂಡಿನವರು 1612ರಲ್ಲಿ ಬೇಮ್‌ಸ್ಟರ್ ಅನ್ನೋ ದೊಡ್ಡ ಕೆರೆಯ ನೀರನ್ನ ಗಾಳಿಗಿರಣಿಗಳಿಂದ ಎತ್ತಿ ಹಾಕಿ ಹೊಲ ಮಾಡಿದ್ರು. ಸಮುದ್ರಮಟ್ಟಕ್ಕಿಂತ ಕೆಳಗಿರೋ ಆ ನೆಲ ನಾಲ್ಕುನೂರು ವರ್ಷ ಆದ್ರೂ ಹೊಲವಾಗೇ ಉಳಿದಿದೆ. ನೀರು ಹೊರಹಾಕೋದನ್ನ ನೋಡ್ಕೊಳ್ಳೋಕೆ ಅಲ್ಲಿ ಮಂಡಳಿಗಳಿವೆ, ಅವಕ್ಕೆ ಚುನಾವಣೆ ನಡೆಯುತ್ತೆ, ಜನ ಬೇರೆ ತೆರಿಗೆ ಕಟ್ತಾರೆ. ನಮಗೆ ಗಾಳಿಗಿರಣಿಯೂ ಬೇಡ, ಭೂಮಿಯೇ ಹಳ್ಳದ ಕಡೆ ಇಳಿಜಾರಾಗಿದೆ. ಮುಚ್ಚದೆ ಬಿಟ್ರೆ ಸಾಕಿತ್ತು.

2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ನಮ್ಮೂರಲ್ಲಿ ಯಾರ ಮನೆಯಲ್ಲೂ ಸರಿಯಾಗಿ ಊಟ ಸೇರಲಿಲ್ಲ. ನೀರು ಹರಿದು ಹೋಗ್ತಿದೆ ಅಂತ ಹೆಂಗಸರು ಕಣ್ಣೀರು ಹಾಕಿದ್ರು. ಹರಿಯುವ ನೀರು ಎಲ್ಲರ ಕಣ್ಣಿಗೆ ಬೀಳುತ್ತೆ. ನಿಂತ ನೀರು ಎಕರೆಗಟ್ಟಲೆ ಹೊಲ ತಿಂತಿದ್ರೂ ಒಬ್ಬರೂ ರಸ್ತೆಗೆ ಇಳಿಯಲ್ಲ. ಮಾನ್ವಿ, ರಾಯಚೂರಿನ ಕೊನೆಭಾಗದವರು ನೀರಿಲ್ಲ ಅಂತ ಪ್ರತಿವರ್ಷ ಧರಣಿ ಕೂರ್ತಾರೆ. ಅವರಿಗೆ ಮುಟ್ಟಬೇಕಾದ ನೀರೇ ಇಲ್ಲಿ ನಿಂತು ನಮ್ಮ ನೆಲ ಕೊಳೆಸ್ತಿದೆ ಅನ್ನೋದು ನೆನೆದ್ರೆ ಹೊಟ್ಟೆ ಉರಿಯುತ್ತೆ.

ಇವತ್ತು ಸಂಜೆ ಕಾಕಾನ ಮನೆಗೆ ಹೋಗ್ತಿದ್ದೀನಿ. ಮಣ್ಣು ತೆಗೆಸೋಕೆ ಜೆಸಿಬಿ ಬಾಡಿಗೆ ನಾನೇ ಕೊಡ್ತೀನಿ. ನಮ್ಮ ಕಡೆ ನಾನು ಉತ್ತು ಸೇರಿಸಿದ ಎಂಟು ಅಡಿಯನ್ನೂ ಅದೇ ದಿನ ಬಿಟ್ಟುಕೊಡ್ತೀನಿ. ಅಪ್ಪಾಜಿಗೆ ಬೆಳಿಗ್ಗೆಯೇ ಹೇಳಿದೆ. ಏನೂ ಮಾತಾಡಲಿಲ್ಲ, ಆ ಮೂಲೆ ಕಡೆ ನೋಡ್ತಾ ಕೂತಿದ್ರು.