ಹಾರ್ವರ್ಡ್ ತೀರ್ಪು ಮುಟ್ಟದೆ ಬಿಟ್ಟ ಸೀಟುಗಳು

ನಿನ್ನೆ ನಮ್ಮ ಕನ್ನಡ ಕೂಟದ ಊಟದಲ್ಲಿ ಹಿರಿಯರೊಬ್ಬರು, "ಹಾರ್ವರ್ಡ್ ತೀರ್ಪಿನಿಂದ ನಮ್ಮ ಮಕ್ಕಳ ಮೆರಿಟ್‌ಗೆ ಕೊನೆಗೂ ನ್ಯಾಯ ಸಿಕ್ಕಿತು" ಎಂದಾಗ ಸುತ್ತಲಿದ್ದವರೆಲ್ಲ ತಲೆದೂಗಿದರು. ಹಿರಿಯರೆಂದು ಅಲ್ಲಿ ಎದುರಾಡಲಿಲ್ಲ. ಆದರೆ ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ.

2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟು, ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಗಳು ಕಪ್ಪು ವಿದ್ಯಾರ್ಥಿಗಳಂಥವರಿಗೂ ಅವಕಾಶ ಸಿಗಲೆಂದು ಪ್ರವೇಶ ನೀಡುವಾಗ ಅಭ್ಯರ್ಥಿಯ ಜನಾಂಗವನ್ನು ಪರಿಗಣಿಸುತ್ತಿದ್ದುದನ್ನು ರದ್ದುಗೊಳಿಸಿತು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೂ ದಾನಿಗಳ ಮಕ್ಕಳಿಗೂ ಸಿಗುವ ಆದ್ಯತೆ ಮಾತ್ರ ಹಾಗೆಯೇ ಉಳಿಯಿತು. ಇದೇ ಮೊಕದ್ದಮೆಯಲ್ಲಿ ಹೊರಬಂದ ದಾಖಲೆಗಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರ ಪ್ರಕಾರ, ಹಾರ್ವರ್ಡ್‌ನಲ್ಲಿ ಪ್ರವೇಶ ಸಿಕ್ಕ ಬಿಳಿಯ ವಿದ್ಯಾರ್ಥಿಗಳಲ್ಲಿ ಶೇ. 43ಕ್ಕೂ ಹೆಚ್ಚು ಮಂದಿ ಕ್ರೀಡಾಪಟುಗಳು, ಹಳೆಯ ವಿದ್ಯಾರ್ಥಿಗಳ ಅಥವಾ ಸಿಬ್ಬಂದಿಯ ಮಕ್ಕಳು, ಇಲ್ಲವೇ ಡೀನ್ ಅವರ ವಿಶೇಷ ಪಟ್ಟಿಯಲ್ಲಿದ್ದವರು, ಅಂದರೆ ಹೆಚ್ಚಾಗಿ ದಾನಿಗಳ ಕಡೆಯವರು. ಆ ಸವಲತ್ತು ಇಲ್ಲದಿದ್ದರೆ ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ಸೀಟು ಸಿಗುತ್ತಿರಲಿಲ್ಲ. ಮೆರಿಟ್ ಎನ್ನುವವರಿಗೆ ಈ ಸೀಟುಗಳು ಏಕೆ ಕಾಣುವುದಿಲ್ಲ?

ಹಾರ್ವರ್ಡ್ ಪ್ರವೇಶದಲ್ಲಿ ಅಭ್ಯರ್ಥಿಯ ಗುಣಸ್ವಭಾವಕ್ಕೆ ಹಾಕುವ ವ್ಯಕ್ತಿತ್ವದ ಅಂಕ ಏಷ್ಯಾ ಮೂಲದ ಮಕ್ಕಳಿಗೆ ಕಡಿಮೆ ಬೀಳುತ್ತಿತ್ತು ಎಂಬುದು ನಿಜ, ಅದು ನನಗೂ ನೋವಿನ ಸಂಗತಿ. ಆದರೆ ಆ ಅಂಕ ಹಾಕುತ್ತಿದ್ದವರು ಪ್ರವೇಶಾಧಿಕಾರಿಗಳೇ ಹೊರತು ಕಪ್ಪು ವಿದ್ಯಾರ್ಥಿಗಳಲ್ಲ. ತಿದ್ದಬೇಕಾದದ್ದು ಅಂಕ ಹಾಕುವ ಕ್ರಮವನ್ನು. ಬೆಲೆ ತೆತ್ತವರು ಮಾತ್ರ ಬೇರೆಯವರು. ತೀರ್ಪಿನ ನಂತರ, ಹೆಸರಾಂತ ತಂತ್ರಜ್ಞಾನ ವಿಶ್ವವಿದ್ಯಾಲಯವಾದ ಎಂಐಟಿ ಸೇರಿದ ಮೊದಲ ತಂಡದಲ್ಲಿ ಕಪ್ಪು ವಿದ್ಯಾರ್ಥಿಗಳ ಪ್ರಮಾಣ, ಹಿಂದಿನ ವರ್ಷಗಳ ಸುಮಾರು ಶೇ. 13ರಿಂದ ಶೇ. 5ಕ್ಕೆ ಇಳಿಯಿತು.

ಜನಾಂಗದ ಪರಿಗಣನೆಗೆ ಆದ ಈ ಸೋಲಿನ ಬೇರು ಅದೇ ಸುಪ್ರೀಂ ಕೋರ್ಟಿನ 1978ರ ಬಕೀ ತೀರ್ಪಿನಲ್ಲಿದೆ ಎಂದು ನನಗನ್ನಿಸುತ್ತದೆ. ಕ್ಯಾಲಿಫೋರ್ನಿಯಾದ ಡೇವಿಸ್ ವೈದ್ಯಕೀಯ ಕಾಲೇಜಿನ 100 ಸೀಟುಗಳಲ್ಲಿ 16ನ್ನು ಅಲ್ಪಸಂಖ್ಯಾತ ಜನಾಂಗದವರಿಗೆ ಮೀಸಲಿಟ್ಟದ್ದು ತಪ್ಪೆಂದ ನ್ಯಾಯಮೂರ್ತಿ ಪೊವೆಲ್, ಸಮಾಜ ಮಾಡಿದ ಅನ್ಯಾಯದ ಪರಿಹಾರವನ್ನು ಕಾರಣವಾಗಿ ಒಪ್ಪದೆ, ವೈವಿಧ್ಯದಿಂದ ಕಲಿಕೆಗೆ ಆಗುವ ಲಾಭವನ್ನಷ್ಟೇ ಒಪ್ಪಿದರು. ಅಲ್ಲಿಂದಾಚೆಗೆ ಗುಲಾಮಗಿರಿಯ ಋಣದ ಮಾತನ್ನು ಬದಿಗಿಟ್ಟು, ತರಗತಿ ಎಷ್ಟು ಬಗೆಬಗೆಯಾಗಿದೆ ಎಂದೇ ವಾದಿಸಬೇಕಾಯಿತು. 2023ರಲ್ಲಿ ಅದೇ ಕೋರ್ಟು, ಅಂಥ ಲಾಭವನ್ನು ಅಳೆಯಲಾಗದು ಎಂದು ಆ ವಾದವನ್ನೂ ತಳ್ಳಿಹಾಕಿತು. ಆದರೆ ನಮ್ಮ ಭಾರತದಲ್ಲಿ 1951ರಲ್ಲಿ ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಮದ್ರಾಸಿನ ಜಾತಿವಾರು ಕಾಲೇಜು ಸೀಟು ಹಂಚಿಕೆ ಬಿದ್ದುಹೋದಾಗ, ಸಂಸತ್ತು ಅದೇ ವರ್ಷ 15(4)ನೇ ವಿಧಿಯನ್ನು ಸೇರಿಸಿ, ಸಾಮಾಜಿಕ ಮತ್ತು ಶೈಕ್ಷಣಿಕ ಹಿಂದುಳಿದಿರುವಿಕೆಯನ್ನು ಸಂವಿಧಾನದಲ್ಲೇ ಹೆಸರಿಸಿತು.

ಕ್ಯಾಲಿಫೋರ್ನಿಯಾ 2024ರಲ್ಲಿ ಖಾಸಗಿ ಕಾಲೇಜುಗಳಲ್ಲೂ ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಮಕ್ಕಳಿಗಿದ್ದ ಆದ್ಯತೆಯನ್ನು ನಿಷೇಧಿಸುವ ಕಾನೂನು ಮಾಡಿತು. ತೀರ್ಪನ್ನು ಸಂಭ್ರಮಿಸಿದ ನಮ್ಮವರಲ್ಲಿ ಒಬ್ಬರಾದರೂ ಆ ಕಾನೂನನ್ನು ಸಂಭ್ರಮಿಸಿದ್ದನ್ನು ನಾನು ಇನ್ನೂ ಕಂಡಿಲ್ಲ.