ಕೊಲ್ಲಾಪುರದ ಬಸ್ಸಿಳಿದ ರಾಷ್ಟ್ರಮಟ್ಟ

ವಿಚಾರ ಸಂಕಿರಣ ಮಾಡುವವರಿಗೆ ಬೆಳಗಾವಿಯಂಥ ಪುಣ್ಯಕ್ಷೇತ್ರ ಇನ್ನೊಂದಿಲ್ಲ. ಬೆಂಗಳೂರಿನ ವಿದ್ವಾಂಸರು ರಾತ್ರಿಯಿಡೀ ರೈಲಿನಲ್ಲಿ ಬಂದು ಮಾತಾಡಿದರೆ ಅದು ರಾಜ್ಯಮಟ್ಟ. ಕೊಲ್ಲಾಪುರದವರು ಮನೆಯಲ್ಲೇ ನಾಷ್ಟಾ ಮುಗಿಸಿ, ಬಸ್ಸು ಹತ್ತಿ ಬಂದು ಭಾಷಣ ಬಿಗಿದು, ರಾತ್ರಿ ಊಟಕ್ಕೆ ಮತ್ತೆ ಮನೆ ಸೇರಿದರೂ ಅದು ರಾಷ್ಟ್ರಮಟ್ಟ. ಸಂಘಟಕರ ಅಳಿಯ ದುಬೈಯಿಂದ ಝೂಮಿನಲ್ಲಿ ಕೈ ಬೀಸಿದರಂತೂ ಮುಗಿಯಿತು, ಬ್ಯಾನರಿನಲ್ಲಿ ‘ಅಂತರರಾಷ್ಟ್ರೀಯ’!

ಇದೆಲ್ಲ ಸುಮ್ಮನೆ ಅಲ್ಲ. ಅಧ್ಯಾಪಕರ ಬಡ್ತಿಗೆ ಲೆಕ್ಕ ಹಾಕುವ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮಾವಳಿಯಲ್ಲಿ ಪ್ರಬಂಧ ಮಂಡನೆಗೆ ದರಪಟ್ಟಿಯೇ ಇದೆ: ರಾಜ್ಯಮಟ್ಟಕ್ಕೆ 2 ಅಂಕ, ರಾಷ್ಟ್ರಮಟ್ಟಕ್ಕೆ 3, ದೇಶದೊಳಗಿನ ಅಂತರರಾಷ್ಟ್ರೀಯಕ್ಕೆ 5. ಗಡಿ ವಿವಾದ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆಯಲ್ಲ, ಅಲ್ಲಿ ಈ ಲೆಕ್ಕವನ್ನು ಯಾರಾದರೂ ಮಂಡಿಸಿದ್ದಾರೋ ಇಲ್ಲವೋ. ಬೆಳಗಾವಿಯ ನಾವು ಮಹಾರಾಷ್ಟ್ರದತ್ತ ಹೋದರೆ ಕೊಲ್ಲಾಪುರದವರು ರಾಜ್ಯಮಟ್ಟಕ್ಕೆ ಇಳಿಯುತ್ತಾರೆ, ಧಾರವಾಡದವರು ರಾಷ್ಟ್ರಮಟ್ಟಕ್ಕೆ ಏರುತ್ತಾರೆ. ಬಡ್ತಿಗೆ ಕಾದವರಿಗೆ ಗಡಿ ಎಲ್ಲಿದ್ದರೂ ನಡೆಯುತ್ತದೆ, ಇದ್ದರೆ ಸಾಕು.

ಇನ್ನು ಕಾರ್ಯಕ್ರಮ. ನಾಡಗೀತೆಗೆ ಸರ್ಕಾರ 2022ರಲ್ಲಿ 2 ನಿಮಿಷ 30 ಸೆಕೆಂಡಿನ ಮಿತಿ ಹಾಕಿತು. ಪ್ರಾಸ್ತಾವಿಕ ನುಡಿಗೆ ಅಂಥ ಆದೇಶ ಇನ್ನೂ ಬಂದಿಲ್ಲ. ಸಸಿಗೆ ನೀರೆರೆದು ಉದ್ಘಾಟನೆ. ಎರೆಯುವ ನೀರು ಒಂದು ಚೊಂಬು, ಆ ಚೊಂಬಿಗೆ ಹತ್ತು ಕೈ. “ಸರ, ಹಂಗ ಹಿಡಕೊಂಡ ನಿಂದರ್ರಿ, ಲೊಕೇಶನ್ ಬಂದಿಲ್ಲ” ಅಂತ ಮೊಬೈಲು ಹಿಡಿದ ಅತಿಥಿ ಉಪನ್ಯಾಸಕ ಕೂಗುತ್ತಾನೆ. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್‌ನ ಕಡತಕ್ಕೆ ಅಕ್ಷಾಂಶ, ರೇಖಾಂಶ ಮೂಡಿದ ಫೋಟೊನೇ ಬೇಕು. ಉಪಗ್ರಹ ಸಿಗುವಷ್ಟರಲ್ಲಿ ಚೊಂಬಿನ ನೀರು ಕುಲಪತಿಗಳ ಬೂಟಿನ ಮೇಲೆ.

ಸಂವಾದದ ವಿಷಯ: ‘ಉತ್ತರ ಕರ್ನಾಟಕದ ನೀರಾವರಿ: ಸವಾಲುಗಳು ಮತ್ತು ಸಾಧ್ಯತೆಗಳು’. (ಈ ಸವಾಲು-ಸಾಧ್ಯತೆ ಬ್ಯಾನರ್ ಅಂಗಡಿಯ ಕಂಪ್ಯೂಟರಿನಲ್ಲಿ ಕಾಯಂ ಇರುತ್ತದೆ, ಅದರ ಹಿಂದಿನ ಪದ ಬದಲಿಸಿದರಾಯಿತು.) ಮೊದಲಿನವರು ನೀರು ಪಂಚಭೂತಗಳಲ್ಲಿ ಒಂದು ಎಂದರು. ಎರಡನೆಯವರು “ಈಗಾಗಲೇ ಹೇಳಿದಂತೆ” ಎಂದು ಅದನ್ನೇ ಹೇಳಿದರು. ಮೂರನೆಯವರು ಸಮಯದ ಅಭಾವದ ಕುರಿತು ಸುದೀರ್ಘವಾಗಿ ಮಾತಾಡಿದರು. ನಾಲ್ಕನೆಯವರ ಕಣ್ಣು ಊಟದ ಹಾಲಿನ ಕಡೆಗೆ.

ಹಾಜರಿಯ ಆಸೆಗೆ ಬಂದು ಕೂತಿದ್ದ ವಿದ್ಯಾರ್ಥಿಗಳ ನಡುವಿನಿಂದ ಒಬ್ಬ ಹುಡುಗಿ ಎದ್ದಳು.

“ಸರ, ಮಹದಾಯಿ ಒಳಗ ನಮಗ 13.42 ಟಿಎಂಸಿ ಅಂತ 2018ರಾಗ ನ್ಯಾಯಮಂಡಳಿ ಹೇಳೇತ್ರಿ. ನೀರು ಯಾಕ ಇನ್ನಾ ಬಂದಿಲ್ರಿ?”

ಸಭೆ ಗಪ್‌ಚಿಪ್. ಮೈಕು ಒಬ್ಬರಿಂದ ಒಬ್ಬರಿಗೆ ದಾಟಿ ಅಧ್ಯಕ್ಷರ ಕೈಗೆ ಬಂತು.

“ಭಾಳ ಛಲೋ ಪ್ರಶ್ನೆ ಕೇಳಿದಿ ತಂಗಿ. ಊಟದಾಗ ಭೆಟ್ಟಿ ಆಗು, ಮಾತಾಡೂಣು.”

ಊಟದಲ್ಲಿ ಕುಂದಾ ಇತ್ತು. ಅಧ್ಯಕ್ಷರ ಸುತ್ತ ಶಾಲು ಹೊದಿಸುವವರ ಸರದಿ ಇತ್ತು. ಕೊಲ್ಲಾಪುರದ ಗಣ್ಯರು ಮೂರರ ಬಸ್ಸಿಗೆ ಹೊರಟಾಗಿತ್ತು. ಹುಡುಗಿಯ ಕೈಗೆ ಬಂದದ್ದು ಅಭಿಪ್ರಾಯ ಪತ್ರ. ಅದನ್ನು ತುಂಬದೆ ಪ್ರಮಾಣಪತ್ರ ಇಲ್ಲ. ‘ಸಂವಾದ ಹೇಗಿತ್ತು?’ ಎಂಬ ಪ್ರಶ್ನೆಯ ಮುಂದೆ ಎರಡೇ ಚೌಕ: ಉತ್ತಮ, ಅತ್ಯುತ್ತಮ.